‘ಕಿರ್ ಕಿರ್’ ಶಾಕ್ ಸೈಕಲ್: ಸ್ಪ್ಯಾನರ್ ಹಿಡಿಯೋ ಮೊದಲು ಕಿವಿ ಕೊಡಿ!

ಕೊಯಮತ್ತೂರು: ಭಾನುವಾರ ಬೆಳಗಿನ ಜಾವ ಮರುದಮಲೈ ರಸ್ತೆಗೋ, ಆನೈಕಟ್ಟಿ ದಾರಿಗೋ ಹೋಗಿ ಒಂದು ಗಳಿಗೆ ನಿಂತು ನೋಡಿ. ದಪ್ಪ ಟೈರಿನ, ಮುಂದೂ ಹಿಂದೂ ಶಾಕ್ ಇರುವ ಮೌಂಟನ್ ಬೈಕುಗಳು ಏರು ಹತ್ತುತ್ತಿರುತ್ತವೆ. ಎಷ್ಟೋ ಸಲ ಅವು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಕಿರ್... ಕಿರ್... ಕಟ್!

ದುಡ್ಡು ಕೊಟ್ಟು ತಂದ ಸೈಕಲ್ಲು ಹೀಗೆ ಹಳೇ ಮಂಚದ ಥರ ಕಿರುಗುಟ್ಟಿದರೆ ಯಾರಿಗೆ ತಾನೇ ಬೇಜಾರಾಗೋಲ್ಲ? ತಕ್ಷಣ ಎಲ್ಲರ ಕಣ್ಣು ಹೋಗೋದು ಹಿಂದಿನ ಶಾಕ್ ಮೇಲೆ, ಅದರ ಸುತ್ತಲಿನ ಕೀಲುಗಳ ಮೇಲೆ. ಬೇರಿಂಗ್ ಸೆಟ್ ಪೂರ್ತಿ ಬದಲಾಯಿಸಿ, ಬಿಲ್ ಕಟ್ಟಿ ಮನೆಗೆ ಬಂದರೆ ಮರುದಿನ ಅದೇ ಏರಿನಲ್ಲಿ ಅದೇ ಕಿರ್ ಕಿರ್. ಕೊನೆಗೆ ನೋಡಿದರೆ ಸದ್ದು ಬರುತ್ತಿದ್ದದ್ದು ಸೀಟಿನ ಕಂಬದಿಂದ! ಇದು ಒಬ್ಬಿಬ್ಬರ ಕಥೆ ಅಲ್ಲ. ಈ ಜಾತಿಯ ಸೈಕಲ್ ಇಟ್ಟುಕೊಂಡವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ದಿನ ಅನುಭವಿಸುವ ಪಾಡು.

ಹಾಗಂತ ಸದ್ದನ್ನು ಕೇಳಿಸಿಕೊಂಡೂ ಸುಮ್ಮನಿರುವ ಹಾಗೂ ಇಲ್ಲ. ನೂರರಲ್ಲಿ ಹೆಚ್ಚಿನ ಸದ್ದು ಬರೀ ಕಿರಿಕಿರಿ, ನಿಜ. ಆದರೆ ಒಂದೆರಡು ಸದ್ದುಗಳಿವೆ, ಅವು ಬಂದರೆ ಇದ್ದ ಜಾಗದಲ್ಲೇ ಸೈಕಲ್ ಇಳಿಯಬೇಕು. ಆಳಿಯಾರ್‌ನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವು. ಅಲ್ಲಿಂದ ಇಳಿದು ಬರುವ ಹುಡುಗನ ಸೈಕಲ್ ಫ್ರೇಮ್ ಬಿರುಕು ಬಿಟ್ಟಿದ್ದರೆ? ಯಾವುದು ಬರೀ ಕಿರಿಕಿರಿ, ಯಾವುದು ಅಪಾಯ ಅಂತ ಬೇರ್ಪಡಿಸೋದು ಗೊತ್ತಿರಬೇಕು. ಅದಕ್ಕೆ ಮೊದಲು ಬೇಕಾದ್ದು ಸ್ಪ್ಯಾನರ್ ಅಲ್ಲ, ಕಿವಿ.

ಮಗ್ಗದ ಮನೆಯವರಿಗೆ ಹೊಸದೇನಲ್ಲ

ಈ ಕಿವಿಯ ವಿದ್ಯೆ ನಮ್ಮ ಕಡೆಯ ಕನ್ನಡ ಮನೆಗಳಿಗೆ ಹೊಸದಲ್ಲ ಬಿಡಿ. ಸಿರುಮುಗೈ, ನೆಗಮಂ ಕಡೆ ಮಗ್ಗದ ಮಗ್ಗುಲಲ್ಲೇ ಬೆಳೆದ ದೇವಾಂಗ ಹಿರಿಯರನ್ನು ಕೇಳಿ ನೋಡಿ. ಲಾಳಿ ಓಡುವ ಸದ್ದಿನಲ್ಲಿ ಒಂಚೂರು ಏರುಪೇರಾದರೂ ಅಡುಗೆಮನೆಯಲ್ಲಿದ್ದವರು ತಲೆ ಎತ್ತುತ್ತಾರೆ. ಮಿಲ್ಲುಗಳಲ್ಲಿ ದುಡಿದವರು ಸಾಲು ಯಂತ್ರಗಳ ಗದ್ದಲದ ನಡುವೆಯೂ ಯಾವ ಯಂತ್ರದ ಬೇರಿಂಗ್ ಒಣಗಿದೆ ಅಂತ ಹೇಳಬಲ್ಲರು. ಪಂಪ್‌ಸೆಟ್, ವೆಟ್ ಗ್ರೈಂಡರ್ ತಯಾರಿಸುವ ಊರಿದು. ಮೋಟಾರಿಗೆ ಸ್ಕ್ರೂ ಡ್ರೈವರ್ ಆನಿಸಿ, ಹಿಡಿಯನ್ನು ಕಿವಿಗೊತ್ತಿ ಸದ್ದು ಕೇಳುವ ಮಿಸ್ತ್ರಿಗಳು ಇಲ್ಲಿ ಬೀದಿ ಬೀದಿಗೂ ಇದ್ದಾರೆ. ಅದೇ ಕಿವಿಯನ್ನು ಸೈಕಲ್ಲಿಗೂ ಕೊಟ್ಟರೆ ಆಯ್ತು.

ಕನ್ನಡದಲ್ಲಿ ಸದ್ದಿಗೆ ಪದಗಳ ಬರವಿಲ್ಲ ಅನ್ನೋದೂ ಇಲ್ಲಿ ಉಪಯೋಗಕ್ಕೆ ಬರುತ್ತೆ. ಒಣಗಿದ ಎರಡು ಲೋಹ ಭಾರ ಬಿದ್ದಾಗ ಒಂದಕ್ಕೊಂದು ಉಜ್ಜಿದರೆ ‘ಕಿರ್ ಕಿರ್’. ಸಡಿಲವಾದದ್ದು ಒಮ್ಮೆಗೇ ಜಾಗ ಬದಲಿಸಿದರೆ ‘ಕಟ್’. ಎಣ್ಣೆ ಕಾಣದ ಚೈನು ‘ಚೀಂ ಚೀಂ’. ಒಳಗಿನ ಗುಂಡು ಸವೆದ ಬೇರಿಂಗು ‘ಗೊರ ಗೊರ’. ಬ್ರೇಕು ‘ಕೀಂ’. ಮನೆಯ ಮಕ್ಕಳು ತಮಿಳಲ್ಲೋ ಇಂಗ್ಲಿಷಲ್ಲೋ ಎಲ್ಲಕ್ಕೂ ಸೇರಿಸಿ ‘ನಾಯ್ಸ್’ ಅಂತ ಒಂದೇ ಪದ ಹೇಳಿಬಿಟ್ಟರೆ ಅರ್ಧ ಸುಳಿವು ಅಲ್ಲೇ ಕಳೆದುಹೋಯ್ತು ಅಂತಲೇ ಲೆಕ್ಕ.

ಇಷ್ಟೊಂದು ಸದ್ದು ಯಾಕೆ?

ಮಾಮೂಲಿ ಸೈಕಲ್ಲಿನ ಫ್ರೇಮು ಒಂದೇ ತುಂಡು. ಫುಲ್ ಸಸ್ಪೆನ್ಷನ್ ಸೈಕಲ್ಲಿನದ್ದು ಹಾಗಲ್ಲ. ಮುಂದಿನ ಭಾಗ ಬೇರೆ, ಹಿಂದಿನ ಚಕ್ರ ಹೊತ್ತ ಭಾಗ ಬೇರೆ. ಇವೆರಡನ್ನೂ ಕೀಲುಗಳು ಜೋಡಿಸುತ್ತವೆ. ಸರಳವಾದ ಮಾದರಿಯಲ್ಲಿ ಒಂದೇ ಕೀಲು. ನಾಲ್ಕು ಸರಳಿನ ಜೋಡಣೆಯಲ್ಲಿ ನಾಲ್ಕು ಕಡೆ ಕೀಲು, ಅವೂ ಹೆಚ್ಚಾಗಿ ಎಡಬಲ ಎರಡೂ ಪಕ್ಕ. ಜೊತೆಗೆ ಶಾಕಿನ ಎರಡು ತುದಿಗೂ ಒಂದೊಂದು ಬೋಲ್ಟು, ಬುಷ್ಷು. ಒಂದೊಂದು ಕೂಡು ಜಾಗವೂ ಸದ್ದು ಹುಟ್ಟಬಹುದಾದ ಜಾಗವೇ.

ಸದ್ದು ಹುಟ್ಟುವ ಬಗೆ ಮಾತ್ರ ಬಾಗಿಲ ಕೀಲಿನದ್ದೇ. ಎರಡು ಮೈಗಳು ಒತ್ತಿಕೊಂಡಿರುತ್ತವೆ. ತುಳಿತ ಬಿದ್ದಾಗ ಕೊಂಚ ಹೊತ್ತು ಅಂಟಿಕೊಂಡೇ ಇದ್ದು, ಆಮೇಲೆ ಸರಕ್ಕನೆ ಜಾರುತ್ತವೆ, ಮತ್ತೆ ಅಂಟುತ್ತವೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೇ. ಜಾರುವ ದೂರ ಕೂದಲೆಳೆಯಷ್ಟೂ ಇರೋಲ್ಲ. ಆದರೆ ಫ್ರೇಮಿನ ಕೊಳವೆ ಟೊಳ್ಳು ನೋಡಿ, ತಂಬೂರಿಯ ಬುರುಡೆ ಹಾಗೆ ಅದನ್ನು ದೊಡ್ಡದು ಮಾಡಿ ಇಡೀ ಸೈಕಲ್ಲಿಗೆ ಹಂಚುತ್ತೆ. ಸೀಟಿನ ಬುಡದಲ್ಲಿ ಹುಟ್ಟಿದ ಸದ್ದು ಪೆಡಲ್ ಹತ್ತಿರ ಕೇಳಿಸೋದು, ಹಿಂದಿನ ಚಕ್ರದ ಅಚ್ಚಿನದ್ದು ಶಾಕಿನಿಂದ ಬಂದಂತೆ ಅನ್ನಿಸೋದು ಇದಕ್ಕೇ. ಕಾರ್ಬನ್ ಫ್ರೇಮಿನಲ್ಲಂತೂ ಈ ಮೋಸ ಇನ್ನೂ ಜಾಸ್ತಿ. ಅದಕ್ಕೇ ಸದ್ದು ಎಲ್ಲಿಂದ ಬರ್ತಿದೆ ಅನ್ನೋದಕ್ಕಿಂತ ಯಾವಾಗ ಬರ್ತಿದೆ ಅನ್ನೋದನ್ನು ಹಿಡೀಬೇಕು.

ಯಾವಾಗ? ಅದೇ ಮೊದಲ ಪ್ರಶ್ನೆ

ವಾಹನ ಓಡಾಟ ಇಲ್ಲದ ಒಂದು ಸಣ್ಣ ಏರು ಹುಡುಕಿ. ಜೇಬಿನ ಬೀಗದ ಕೈ, ಬೆನ್ನಿನ ಚೀಲ, ನೀರಿನ ಬಾಟಲಿ, ಪಂಪು ಎಲ್ಲ ತೆಗೆದಿಡಿ. ನಗಬೇಡಿ, ಬಾಟಲಿ ಸ್ಟ್ಯಾಂಡಿನ ಸಡಿಲ ಸ್ಕ್ರೂ ಬೇರಿಂಗಿನ ಬಿಲ್ಲು ಮಾಡಿಸುತ್ತೆ. ಶೂ ಅಡಿಯ ಕ್ಲೀಟು ಪೆಡಲ್ಲಿಗೆ ಉಜ್ಜಿ ಕಿರ್ ಅನ್ನೋದೂ ಉಂಟು.

ಈಗ ಕೂತು ತುಳಿಯಿರಿ. ಸದ್ದು ಬಂತಾ? ಅದೇ ಏರಿನಲ್ಲಿ ಎದ್ದು ನಿಂತು ತುಳಿಯಿರಿ. ನಿಂತಾಗ ಸದ್ದು ಮಾಯವಾದರೆ ತಪ್ಪು ಸೀಟಿನದ್ದೋ, ಸೀಟಿನ ಕಂಬದ್ದೋ ಅಂತ ಬಹುಮಟ್ಟಿಗೆ ಖಾತ್ರಿ. ಕೂತಾಗಲೂ ನಿಂತಾಗಲೂ ಬಂದರೆ ಪೆಡಲ್, ಕ್ರ್ಯಾಂಕ್, ಅದರ ನಡುವಿನ ಬಾಟಮ್ ಬ್ರಾಕೆಟ್ ಕಡೆ ನೋಡಬೇಕು. ನಿಂತು ಹ್ಯಾಂಡಲ್ ಎಳೆದಾಗ ಮಾತ್ರ ಬಂದರೆ ಹ್ಯಾಂಡಲ್, ಸ್ಟೆಮ್, ಹೆಡ್‌ಸೆಟ್.

ತುಳಿಯೋದು ನಿಲ್ಲಿಸಿ, ಸುಮ್ಮನೆ ಉರುಳಲು ಬಿಡಿ. ಆಗಲೂ ಸದ್ದು ಇದ್ದರೆ, ಅದೂ ಚಕ್ರದ ಸುತ್ತಿಗೊಂದು ಸಲ ಬರ್ತಿದ್ದರೆ, ಸ್ಪೋಕು, ಹಬ್ಬು, ಇಲ್ಲವೇ ಡಿಸ್ಕ್ ಬ್ರೇಕಿನ ತಟ್ಟೆ. ಪೆಡಲ್ ಒಂದು ಸುತ್ತು ಬಂದಾಗ ಒಂದೇ ಸಲ ಬಂದರೆ ಪೆಡಲ್ ಕಡೆಯದ್ದು. ಮೂರ್ನಾಲ್ಕು ಸುತ್ತಿಗೊಮ್ಮೆ ಬಂದರೆ? ಚೈನಿನ ಒಂದು ಕೊಂಡಿ ಬಿಗಿದಿದೆ ಅಂತ ಅರ್ಥ. ಮುಂದಿನ ಹಲ್ಲುಚಕ್ರಕ್ಕೆ 32 ಹಲ್ಲು, ಚೈನಿಗೆ 120 ಕೊಂಡಿ ಇದ್ದರೆ ಒಂದು ಕೊಂಡಿ ಮತ್ತೆ ಅದೇ ಜಾಗಕ್ಕೆ ಬರೋಕೆ ಪೆಡಲ್ ಸುಮಾರು ಮೂರೂಮುಕ್ಕಾಲು ಸುತ್ತು ತಿರುಗಬೇಕು. ಎಣಿಸಿದರೆ ತಾನಾಗೇ ಗೊತ್ತಾಗುತ್ತೆ.

ಕೊನೆಯ ಪರೀಕ್ಷೆ ನಿಂತಲ್ಲೇ. ಸೀಟಿನ ಮೇಲೆ ಅಂಗೈ ಊರಿ ಶಾಕನ್ನು ಒತ್ತಿ ಬಿಡಿ. ತುಳಿತ ಇಲ್ಲ, ಚಕ್ರ ತಿರುಗ್ತಿಲ್ಲ, ಆದರೂ ಕಿರ್ ಅಂದರೆ ಆಗ ಕೀಲುಗಳ ಮೇಲೆ ಅನುಮಾನ ಪಡಲು ನಿಮಗೆ ಹಕ್ಕಿದೆ. ಅಲ್ಲೀವರೆಗೆ ಇಲ್ಲ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಒಬ್ಬರು ಒತ್ತಲಿ, ಇನ್ನೊಬ್ಬರು ಒಂದೊಂದು ಕೀಲಿನ ಮೇಲೂ ಬೆರಳು ಇಟ್ಟು ನೋಡಲಿ. ಕಿವಿ ಮೋಸ ಹೋಗಬಹುದು, ಬೆರಳಿಗೆ ಆ ‘ಕಟ್’ ನೇರವಾಗಿ ತಾಗುತ್ತೆ. ಮಿಸ್ತ್ರಿಯ ಸ್ಕ್ರೂ ಡ್ರೈವರ್ ಉಪಾಯವೂ ಇಲ್ಲಿ ನಡೆಯುತ್ತೆ. ನಮ್ಮ ಅಭಿಪ್ರಾಯದಲ್ಲಿ ಈ ಹತ್ತು ನಿಮಿಷದ ಕೆಲಸ ಯಾವ ದುಬಾರಿ ಸ್ಪ್ರೇಗಿಂತಲೂ ಮೇಲು.

ಮೊದಲು ಸುಲಭದ್ದು

ಸೀಟಿನ ಕಂಬ ಹೊರತೆಗೆಯಿರಿ. ಕಂಬದ ಮೈ, ಫ್ರೇಮಿನ ಒಳಮೈ ಎರಡನ್ನೂ ಬಟ್ಟೆಯಿಂದ ಒರೆಸಿ. ತಿರುಪ್ಪೂರಿನವರಿಗೆ ಬನಿಯನ್ ವೇಸ್ಟ್ ಬಟ್ಟೆಗೇನು ಬರ? ಲೋಹಕ್ಕೆ ಲೋಹ ಆದರೆ ತೆಳುವಾಗಿ ಗ್ರೀಸ್. ಕಾರ್ಬನ್ ಇದ್ದರೆ ಗ್ರೀಸ್ ಬೇಡ, ಅದಕ್ಕೆಂದೇ ಸಿಗುವ ಮರಳು ಮರಳಾದ ಕಾರ್ಬನ್ ಪೇಸ್ಟ್ ಹಚ್ಚಿ. ಸೀಟಿನ ಕೆಳಗಿನ ಎರಡು ಕಂಬಿಗಳನ್ನು ಹಿಡಿಯುವ ಕ್ಲ್ಯಾಂಪನ್ನೂ ಬಿಚ್ಚಿ ಒರೆಸಿ ಹಾಕಿ. ಎಷ್ಟೋ ಸೈಕಲ್ಲುಗಳ ಕಾಯಿಲೆ ಇಲ್ಲಿಗೇ ವಾಸಿ.

ಆಮೇಲೆ ಪೆಡಲ್. ಎರಡನ್ನೂ ಬಿಚ್ಚಿ, ಮರೆಯನ್ನು ಒರೆಸಿ, ಗ್ರೀಸ್ ಹಚ್ಚಿ ಬಿಗಿಯಾಗಿ ಕೂರಿಸಿ. ಎಡ ಪೆಡಲ್ ಮರೆ ಉಲ್ಟಾ, ನೆನಪಿರಲಿ. ಇದು ಗೊತ್ತಿಲ್ಲದೆ ಬಲವಂತ ಮಾಡಿ ಅಲ್ಯುಮಿನಿಯಂ ಕ್ರ್ಯಾಂಕಿನ ಮರೆ ಕಿತ್ತರೆ ಕ್ರ್ಯಾಂಕೇ ಹೋಯ್ತು. ಹಿಂದಿನ ಚಕ್ರದ ಅಚ್ಚನ್ನು ಎಳೆದು ಒರೆಸಿ, ಗ್ರೀಸ್ ಸವರಿ ಹಾಕಿ. ಗೇರಿನ ಡಿರೇಲರ್ ನೇತಾಡುವ ಸಣ್ಣ ತುಂಡು, ಅಂದರೆ ಹ್ಯಾಂಗರ್, ಫ್ರೇಮಿಗೆ ಸ್ಕ್ರೂನಿಂದ ಕೂತಿರುತ್ತೆ. ಅದರ ಹಿಂದೆ ಸೇರಿದ ಚಿಟಿಕೆ ಮಣ್ಣು ಇಡೀ ಹಿಂಭಾಗ ಮುರಿದಂತೆ ಸದ್ದು ಮಾಡಬಲ್ಲದು. ಸ್ಪೋಕುಗಳು ಒಂದನ್ನೊಂದು ದಾಟುವ ಜಾಗದಲ್ಲಿ ಕಿರ್ ಅಂದರೆ ಅಲ್ಲಿಗೆ ಒಂದೊಂದೇ ತೊಟ್ಟು ಎಣ್ಣೆ ಸಾಕು, ಡಿಸ್ಕ್ ತಟ್ಟೆಗೆ ಮಾತ್ರ ಹನಿ ಬೀಳಬಾರದು. ಫ್ರೇಮಿನ ಒಳಗೆ ಓಡುವ ಕೇಬಲ್ ಕುಣಿದು ಕಟ ಕಟ ಅಂದರೆ ಅದಕ್ಕೆ ಸ್ಪಂಜಿನ ತೋಳು ಹಾಕಿದರೆ ಆಯ್ತು.

ಬಾಟಮ್ ಬ್ರಾಕೆಟ್ ಸ್ವಲ್ಪ ಹಟಮಾರಿ. ಮರೆ ಇರುವ ಜಾತಿಯದಾದರೆ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ ಬಿಗಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತೆ. ಆದರೆ ಮರೆಯೇ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಜಾತಿ ಇದೆಯಲ್ಲ, ಅದರ ಗೋಳು ಲೋಕಪ್ರಸಿದ್ಧ. ಫ್ರೇಮಿನ ರಂಧ್ರ ಒಂಚೂರು ದೊಡ್ಡದಾಗಿದ್ದರೂ, ಓರೆಯಾಗಿದ್ದರೂ ಜನ್ಮಪೂರ್ತಿ ಕಿರ್ ಕಿರ್. ಕೆಲವು ಕಂಪನಿಗಳು ಕೊನೆಗೆ ಬೇಸತ್ತು ಹಳೇ ಮರೆಯ ಪದ್ಧತಿಗೇ ವಾಪಸು ಬಂದವು ಅಂದರೆ ಲೆಕ್ಕ ಹಾಕಿ. ಇದನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಯಾರನ್ನೂ ಬಿಡಬೇಡಿ. ಒತ್ತುವ ಸಾಧನ ಬೇಕೇ ಬೇಕು.

ಕೀಲಿಗೆ ಕೈ ಹಾಕುವಾಗ

ಇಷ್ಟೆಲ್ಲ ಆದ ಮೇಲೂ, ಸೀಟು ಒತ್ತಿದಾಗ ಸದ್ದು ಬರುತ್ತಲೇ ಇದ್ದರೆ ಆಗ ಕೀಲಿನ ಸರದಿ. ಮೊದಲು ಶಾಕನ್ನು ಎರಡೂ ಬೋಲ್ಟು ಬಿಚ್ಚಿ ಹೊರತೆಗೆಯಿರಿ. ಗಾಳಿ ಶಾಕ್ ಆದರೆ ವಾಲ್ವಿನಿಂದ ಗಾಳಿ ಪೂರ್ತಿ ಬಿಟ್ಟ ಮೇಲೇ ಈ ಕೆಲಸ. ಶಾಕಿನ ಒಳಭಾಗ ಬಿಚ್ಚುವ ಸಾಹಸ ಮನೆಯಲ್ಲಿ ಬೇಡವೇ ಬೇಡ. ಒಳಗೆ ನೈಟ್ರೋಜನ್ ತುಂಬಿದ ಕೋಣೆ ಇರುವ ಶಾಕ್‌ಗಳಿವೆ, ಅವು ಸಿಡಿದರೆ ಕಣ್ಣಿಗೇ ಬಂತು.

ಶಾಕ್ ಇಲ್ಲದಾಗ ಹಿಂದಿನ ಚಕ್ರದ ಭಾಗವನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿ. ಬೆಣ್ಣೆಯಲ್ಲಿ ಚಾಕು ಆಡಿದಂತೆ ನುಣ್ಣಗೆ ಆಡಿದರೆ ಬೇರಿಂಗು ಚೆನ್ನಾಗಿದೆ, ತಪ್ಪು ಶಾಕಿನ ಬುಷ್ಷಿನದ್ದು. ಮರಳು ಅರೆದಂತೆ, ಇಲ್ಲವೇ ತಡೆದು ತಡೆದು ಆಡಿದರೆ ಬೇರಿಂಗು ಹೋಗಿದೆ. ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಅಂಗಡಿಯಲ್ಲಿ ಬೇರಿಂಗು ಬದಲಾಯಿಸಬೇಕು ಅಂದರೆ ಇದನ್ನು ಮಾಡಿ ತೋರಿಸಲು ಕೇಳಿ, ಸಂಕೋಚ ಬೇಡ.

ಬುಷ್ ಸವೆತ ನೋಡಲು ಇನ್ನೊಂದು ದಾರಿ: ಶಾಕ್ ಜಾಗದಲ್ಲಿದ್ದಾಗಲೇ, ಚಕ್ರ ನೆಲದಲ್ಲಿರುವಾಗ ಸೀಟನ್ನು ಮೆಲ್ಲಗೆ ಎತ್ತಿ ಎತ್ತಿ ಬಿಡಿ. ಚಕ್ರ ನೆಲ ಬಿಡುವ ಮೊದಲು ‘ಟಕ್’ ಅಂತ ಒಂದು ಆಟ ಸಿಕ್ಕರೆ ಬುಷ್ಷೋ, ಬೋಲ್ಟೋ ಸವೆದಿದೆ.

ಬೇರಿಂಗ್ ವಿಚಾರದಲ್ಲಿ ಮಾತ್ರ ಕೊಯಮತ್ತೂರಿನವರು ಪುಣ್ಯವಂತರು. ಈ ಕೀಲುಗಳಲ್ಲಿ ಕೂತಿರೋದು ಹೆಚ್ಚಾಗಿ ಜಗತ್ತಿನೆಲ್ಲೆಡೆ ಸಿಗುವ ಮಾಮೂಲಿ ನಂಬರಿನ ಸೀಲ್ಡ್ ಬೇರಿಂಗು. ಪಕ್ಕದ ಸೀಲಿನ ಮೇಲೇ ನಂಬರ್ ಇರುತ್ತೆ. 6900 ಅಂದರೆ ಒಳವ್ಯಾಸ 10, ಹೊರವ್ಯಾಸ 22, ದಪ್ಪ 6 ಮಿಲಿಮೀಟರ್. 6902 ಅಂದರೆ 15, 28, 7. ಮೋಟಾರಿಗೂ ಯಂತ್ರಕ್ಕೂ ಬೇರಿಂಗ್ ಮಾರುವ ಅಂಗಡಿಯಲ್ಲಿ ಈ ನಂಬರ್ ಹೇಳಿ, ಎರಡೂ ಪಕ್ಕ ರಬ್ಬರ್ ಸೀಲ್ ಇರುವುದನ್ನು, ಅಂದರೆ ‘2ಆರ್‌ಎಸ್’ ಕೇಳಿ. ಒಂದು ಸೂಕ್ಷ್ಮ ಇದೆ. ಸೈಕಲ್ ಕೀಲು ಮೋಟಾರಿನಂತೆ ಗಿರಗಿರ ತಿರುಗೋಲ್ಲ, ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತೆ. ಭಾರವೆಲ್ಲ ಅದೇ ನಾಲ್ಕಾರು ಗುಂಡಿನ ಮೇಲೆ. ಅದಕ್ಕೇ ಒಳಗಿನ ಪಂಜರ ತೆಗೆದು ಗುಂಡು ತುಂಬಿಸಿದ ವಿಶೇಷ ಬೇರಿಂಗುಗಳು ಕೀಲಿಗೆಂದೇ ಬರುತ್ತವೆ. ಅವು ಸಿಕ್ಕರೆ ಒಳ್ಳೇದು. ಸಿಗದಿದ್ದರೆ ಮಾಮೂಲಿಯದ್ದೂ ನಡೆಯುತ್ತೆ, ಬಾಳಿಕೆ ಸ್ವಲ್ಪ ಕಮ್ಮಿ ಅಷ್ಟೇ.

ಹೊಸದು ಕೂರಿಸುವಾಗ ಬೇರಿಂಗಿನ ಹೊರಮೈಗೆ, ಅಚ್ಚಿಗೆ ಗ್ರೀಸ್. ಬೋಲ್ಟಿನ ಮರೆಗೆ ಕಂಪನಿ ಹೇಳಿದ್ದರೆ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ತೊಟ್ಟು. ಇವೆರಡನ್ನು ಅದಲು ಬದಲು ಮಾಡಬಾರದು. ಬಿಗಿಯುವಾಗ ಟಾರ್ಕ್ ರೆಂಚ್ ಇದ್ದರೇ ಕ್ಷೇಮ. ಎಷ್ಟು ನ್ಯೂಟನ್ ಮೀಟರ್ ಅಂತ ಬಹಳ ಸಲ ಬೋಲ್ಟಿನ ತಲೆ ಮೇಲೇ ಬರೆದಿರುತ್ತೆ, ಇಲ್ಲದಿದ್ದರೆ ಕಂಪನಿಯ ಪುಸ್ತಕದಲ್ಲಿ. ಸದ್ದು ಬಂತು ಅಂತ ಮೈಮೇಲಿನ ಬಲವೆಲ್ಲ ಹಾಕಿ ಬಿಗಿದರೆ ಬೇರಿಂಗ್ ಹಿಚುಕಿಹೋಗುತ್ತೆ, ಕಾರ್ಬನ್ ಆದರೆ ಸೀಳುತ್ತೆ. ಕಿರ್ ಅಂದದ್ದಕ್ಕೆಲ್ಲ ಬಿಗಿಯೋದೇ ಮದ್ದು ಅನ್ನೋದು ನಮ್ಮಲ್ಲಿ ಬೇರೂರಿದ ನಂಬಿಕೆ. ನಿಜವಾಗಿ ಬೇಕಿರೋದು ಬಿಚ್ಚಿ ಒರೆಸೋದು.

ಮಕ್ಕಳ ‘ಡಬಲ್ ಶಾಕ್’

ಈಗ ಇನ್ನೊಂದು ಜಾತಿ. ಸಾವಿರಾರು ಮನೆಗಳ ಮೆಟ್ಟಿಲ ಕೆಳಗೆ ನಿಂತಿರುವ, ಕಬ್ಬಿಣದ ಫ್ರೇಮಿನ, ನಡುವೆ ಬಣ್ಣದ ಸ್ಪ್ರಿಂಗ್ ಇರುವ ಮಕ್ಕಳ ‘ಡಬಲ್ ಶಾಕ್’ ಸೈಕಲ್. ನೋಡೋಕೆ ಮೌಂಟನ್ ಬೈಕಿನ ಅಣ್ಣತಮ್ಮ. ಒಳಗೆ ನೋಡಿದರೆ ಬೇರಿಂಗೇ ಇಲ್ಲ. ಒಂದು ಉದ್ದ ಬೋಲ್ಟು, ಅದರ ಸುತ್ತ ಪ್ಲಾಸ್ಟಿಕ್ಕೋ ನೈಲಾನೋ ಬುಷ್ಷು, ಮುಗೀತು. ಬುಷ್ ಸವೆದರೆ ಕಬ್ಬಿಣ ಕಬ್ಬಿಣವನ್ನೇ ಉಜ್ಜುತ್ತೆ. ಹಿಂದಿನ ಚಕ್ರ ಎಡಬಲ ಓಲಾಡುತ್ತೆ.

ಇದಕ್ಕೆ ಬಿಡಿಭಾಗ ಅಂಗಡಿಯಲ್ಲಿ ಸಿಗೋದು ಕಷ್ಟ. ಆದರೆ ಗಣಪತಿ, ಪೀಳಮೇಡು, ಕುರಿಚ್ಚಿ ಕಡೆ ಲೇತ್ ಕೆಲಸದ ಶೆಡ್ಡುಗಳು ಇರುವಾಗ ಚಿಂತೆ ಯಾಕೆ? ಹಳೇ ಬುಷ್, ಬೋಲ್ಟು ಎರಡನ್ನೂ ಒಯ್ದು ಅಳತೆ ಕೊಟ್ಟರೆ ನೈಲಾನ್ ಸರಳಿನಲ್ಲೋ, ಗನ್‌ಮೆಟಲ್‌ನಲ್ಲೋ ಕಡೆದು ಕೊಡಬಲ್ಲರು. ಅದನ್ನು ಗ್ರೀಸ್ ಹಚ್ಚಿ ಹಾಕಿ, ಜಾರದ ನೈಲಾಕ್ ನಟ್ ಬಿಗಿದರೆ ಸೈಕಲ್ಲಿಗೆ ಮರುಜೀವ. ಸ್ಪ್ರಿಂಗಿನ ಎರಡು ತುದಿ ಕೂರುವ ತಟ್ಟೆಗೂ ಸ್ವಲ್ಪ ಗ್ರೀಸ್ ಬೇಕು, ಅರ್ಧ ಸದ್ದು ಅಲ್ಲಿಯದೇ. ಆದರೆ ಒಂದು ಮಾತು: ಈ ಸೈಕಲ್ ಬೆಟ್ಟ ಇಳಿಯಲು ಮಾಡಿದ್ದಲ್ಲ. ಸ್ಪ್ರಿಂಗ್ ಇದೆ, ಅದರ ಕುಣಿತ ಹಿಡಿದು ನಿಲ್ಲಿಸುವ ಡ್ಯಾಂಪರ್ ಇಲ್ಲ. ಬೀದಿಗೆ, ಶಾಲೆಗೆ ಸಾಕು. ಮರುದಮಲೈ ಇಳಿಜಾರಿಗೆ ಬೇಡ.

ತೆಂಗಿನೆಣ್ಣೆ, ಸೂಜಿ ಎಣ್ಣೆ, ವಾಟರ್ ಸರ್ವಿಸ್

ಪೊಳ್ಳಾಚಿ ಕಡೆ ಮನೆ ತುಂಬ ತೆಂಗು. ಚೈನಿಗೂ ತೆಂಗಿನೆಣ್ಣೆಯೇ. ಎರಡು ದಿನ ಸದ್ದು ನಿಲ್ಲೋದು ನಿಜ. ಆಮೇಲೆ ಧೂಳು ಹಿಡಿದು ಕಪ್ಪು ಅಂಟಾಗುತ್ತೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ ಅನ್ನೋದು ಅಡುಗೆಮನೆಯಲ್ಲೇ ಗೊತ್ತಿರುವ ವಿಷಯ. ಮಾರ್ಗಳಿ ಚಳಿಯ ಬೆಳಗ್ಗೆ ವಾಲ್ಪಾರೈಯಲ್ಲಿ ಚೈನಿನ ಗತಿ ಊಹಿಸಿ.

2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರಿನಲ್ಲಿ ಇನ್ನೊಂದು ಅಭ್ಯಾಸ. ನಿಟ್ಟಿಂಗ್ ಯಂತ್ರದ ಸೂಜಿಗೆ ಹಾಕುವ ತೆಳು ಬಿಳಿ ಎಣ್ಣೆ ಕೈಗೆ ಸುಲಭವಾಗಿ ಸಿಗುತ್ತೆ. ಚೈನಿಗೂ ಅದೇ. ಆದರೆ ಆ ಎಣ್ಣೆ ಮಾಡಿರೋದೇ ಬಟ್ಟೆಯಿಂದ ಸಲೀಸಾಗಿ ತೊಳೆದು ಹೋಗಲಿ ಅಂತ! ಒಂದು ಮಳೆಗೆ ಚೈನಿನಿಂದಲೂ ತೊಳೆದು ಹೋಗುತ್ತೆ, ಮರುದಿನ ಚೀಂ ಚೀಂ. ಸೈಕಲ್ ಚೈನಿನ ಎಣ್ಣೆ ಒಂದು ಸಣ್ಣ ಬಾಟಲಿ ತಂದರೆ ತಿಂಗಳುಗಟ್ಟಲೆ ಬರುತ್ತೆ. ಕೊಂಡಿಗೊಂದು ತೊಟ್ಟು ಬಿಟ್ಟು, ಚೈನ್ ತಿರುಗಿಸಿ, ಹೊರಗಿನದ್ದನ್ನು ಒರೆಸಿಬಿಡಿ.

ಇನ್ನು ಡಬ್ಲ್ಯುಡಿ-40. ಕಿರ್ ಅಂದ ಕಡೆಯೆಲ್ಲ ಅದನ್ನು ಚಿಮುಕಿಸುವವರಿದ್ದಾರೆ. 1953ರಲ್ಲಿ ಅಮೆರಿಕದಲ್ಲಿ ನೀರು ಹೊರದೂಡಲು, ತುಕ್ಕು ತಡೆಯಲು ಕಂಡುಹಿಡಿದ ದ್ರಾವಣ ಅದು. ಹೆಸರಿನಲ್ಲೇ ಅದರ ಅರ್ಥ ಇದೆ. ತುಕ್ಕು ಹಿಡಿದ ಬೋಲ್ಟ್ ಬಿಡಿಸಲು ಅದಕ್ಕೆ ಸಾಟಿಯಿಲ್ಲ. ಆದರೆ ಬೇರಿಂಗಿಗೆ ಹೊಡೆದರೆ ಒಳಗಿನ ಗ್ರೀಸನ್ನು ಕರಗಿಸಿಬಿಡಬಹುದು. ಇವತ್ತು ಸದ್ದು ನಿಂತೀತು, ಮುಂದಿನ ತಿಂಗಳು ಬೇರಿಂಗೇ ಹೋದೀತು.

ಎಲ್ಲಕ್ಕಿಂತ ದೊಡ್ಡ ಶತ್ರು ಬೈಕ್ ವಾಟರ್ ಸರ್ವಿಸ್. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಆಡಿ ಗಾಳಿಗೆ ಪಲ್ಲಡಂ, ಉಡುಮಲೈ ಕಡೆ ಧೂಳೋ ಧೂಳು. ಸೈಕಲ್ ಕೆಂಪಾಗಿ ಬರುತ್ತೆ, ಹುಡುಗರು ಸೀದಾ ಒಯ್ದು ಪ್ರೆಷರ್ ಗನ್ ಕೆಳಗೆ ನಿಲ್ಲಿಸುತ್ತಾರೆ. ಆ ರಭಸಕ್ಕೆ ನೀರು ಮಣ್ಣು ಎರಡೂ ಸೀಲು ದಾಟಿ ಬೇರಿಂಗಿನೊಳಗೆ. ಒಂದು ಬಕೆಟ್ ನೀರು, ಬ್ರಷ್ಷು, ಒಣ ಬಟ್ಟೆ ಸಾಕು ಸ್ವಾಮಿ.

ಬ್ರೇಕ್ ‘ಕೀಂ’ ಅಂದರೆ

ಬೆಳಗಿನ ಇಬ್ಬನಿಗೆ, ಮಳೆಗೆ ಡಿಸ್ಕ್ ಬ್ರೇಕು ಎರಡು ಮೂರು ಸಲ ಕಿರುಚಿ ಸುಮ್ಮನಾದರೆ ತಲೆ ಕೆಡಿಸಿಕೊಳ್ಳಬೇಡಿ. ಒಣಗಿದ ಮೇಲೂ ಕಿರುಚುತ್ತಲೇ ಇದ್ದು, ಹಿಡಿತವೂ ಕಮ್ಮಿಯಾದರೆ ಪ್ಯಾಡಿಗೆ ಎಣ್ಣೆ ತಾಗಿದೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಹನಿಯೇ ಸಾಮಾನ್ಯವಾಗಿ ಇದಕ್ಕೆ ಕಾರಣ. ತಟ್ಟೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಬಹುದು. ಎಣ್ಣೆ ಕುಡಿದ ಪ್ಯಾಡು ಮಾತ್ರ ಬದಲಾಯಿಸೋದೇ ವಾಸಿ. ಕೆರೆದೆವು, ಸುಟ್ಟೆವು, ಸರಿಹೋಯ್ತು ಅನ್ನುವವರ ಮಾತು ನಂಬಿ ಘಾಟಿ ಇಳಿಯಬೇಡಿ.

ಇಳಿದುಬಿಡಬೇಕಾದ ಸದ್ದು

ಮುಖ್ಯ ವಿಷಯ ಇದು. ಎಲ್ಲ ಒರೆಸಿ, ಗ್ರೀಸ್ ಹಚ್ಚಿ, ಬಿಗಿದ ಮೇಲೂ ಒಂದೇ ಜಾಗದಿಂದ ‘ಟಿಕ್ ಟಿಕ್’ ಬರುತ್ತಲೇ ಇದ್ದರೆ, ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದ್ದರೆ, ಬಿರುಕು ಹುಡುಕಿ. ಸೈಕಲ್ ಚೆನ್ನಾಗಿ ತೊಳೆದು, ಒಣಗಿಸಿ, ಬಿಸಿಲಲ್ಲಿ ಇಟ್ಟು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ವೆಲ್ಡಿಂಗಿನ ಅಂಚು, ಕೀಲು ಕೂರುವ ಜಾಗ, ಶಾಕಿನ ಬೋಲ್ಟಿನ ಸುತ್ತ, ಸೀಟಿನ ಕೊಳವೆಯ ಮೇಲ್ತುದಿ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬು. ಬಣ್ಣದ ಮೇಲೆ ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಅಡ್ಡ ಗೀರಿ. ಉಗುರು ಸಿಕ್ಕಿಕೊಂಡರೆ ಅದು ಬರೀ ಬಣ್ಣದ ಗೀರು ಅಲ್ಲದಿರಬಹುದು. ಗೆರೆಯ ತುದಿಗೆ ಪೆನ್ನಿನ ಗುರುತು ಹಾಕಿ. ನಾಲ್ಕು ದಿನ ಓಡಿಸಿ ಬೆಳೀತಾ ನೋಡೋಣ ಅನ್ನಬೇಡಿ, ಆ ಗುರುತು ಮೆಕಾನಿಕ್‌ಗೆ ತೋರಿಸೋಕೆ ಮಾತ್ರ.

ಕ್ರ್ಯಾಂಕಿನ ತೋಳು ಅಚ್ಚಿನ ಮೇಲೆ ಅಲ್ಲಾಡಿದರೂ, ಹ್ಯಾಂಡಲ್ ಸ್ಟೆಮ್ಮಿನಲ್ಲಿ ಜಾರಿದರೂ ಅಲ್ಲೇ ಇಳಿಯಿರಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಜೀಕಿ. ಹೆಡ್‌ಸೆಟ್ ಸಡಿಲವಾಗಿದ್ದರೆ ಅಲ್ಲಿ ಬೆರಳಿಗೆ ಆಟ ತಿಳಿಯುತ್ತೆ, ಸರಿಮಾಡಬಹುದು. ಆಟವೇ ಇಲ್ಲದೆ ಫೋರ್ಕಿನ ನೆತ್ತಿಯಿಂದಲೇ ಕಿರ್ ಅಂದರೆ ಅದು ಕಾರ್ಖಾನೆಯಲ್ಲಿ ಒತ್ತಿ ಸೇರಿಸಿದ ಜೋಡಣೆ ಸಡಿಲಗೊಂಡ ಲಕ್ಷಣ. ಅದಕ್ಕೆ ಮನೆಮದ್ದಿಲ್ಲ, ಗ್ರೀಸ್ ಹೋಗೋಲ್ಲ. ಆ ಭಾಗವನ್ನೇ ಬದಲಿಸಬೇಕು. ವಾರಂಟಿ ಕಾಗದ ಹುಡುಕಿ.

ವೆಲ್ಡಿಂಗ್ ಮಾಡಿಸಿದರೆ ಆಗಲ್ವಾ ಅನ್ನೋ ಪ್ರಶ್ನೆ ನಮ್ಮೂರಲ್ಲಿ ಸಹಜ. ಟಿಗ್ ವೆಲ್ಡಿಂಗ್ ಮಾಡುವ ಪಳಗಿದ ಕೈಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಸೈಕಲ್ ಫ್ರೇಮಿಗೆ ಬಳಸುವ 6061ರಂಥ ಅಲ್ಯುಮಿನಿಯಂಗೆ ಗಟ್ಟಿತನ ಬಂದಿರೋದೇ ಕಾರ್ಖಾನೆಯ ಕಾಯಿಸುವ ಹದದಿಂದ. ವೆಲ್ಡಿಂಗಿನ ಬಿಸಿಗೆ ಸುತ್ತಲಿನ ಲೋಹ ಆ ಹದ ಕಳಕೊಂಡು ಮೆತ್ತಗಾಗುತ್ತೆ. ಇಡೀ ಫ್ರೇಮನ್ನು ಮತ್ತೆ ಹದಕ್ಕೆ ತರದೆ ಬರೀ ಗಾಯ ಮುಚ್ಚಿದರೆ ಅದೇ ಅಂಚಿನಲ್ಲಿ ಮತ್ತೆ ಒಡೆಯುತ್ತೆ. ಕಬ್ಬಿಣದ ಫ್ರೇಮ್ ಆದರೆ ಮಾಡಿಸಬಹುದು, ಅದೂ ಕೀಲಿನ ರಂಧ್ರ ಓರೆಯಾಗದಂತೆ. ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಷನ್ ಕೊಳ್ಳುವವರು ಬಣ್ಣ ನೋಡಿ ಮರುಳಾಗದೆ, ಹೊಸ ಬಣ್ಣ ಒಂದೇ ಕಡೆ ಯಾಕೆ ಬಳಿದಿದ್ದಾರೆ ಅಂತ ಕೇಳಬೇಕು.

ಅಂಗಡಿಯಲ್ಲಿ ಏನು ಹೇಳೋದು?

ಬರೀ ‘ಸತ್ತಂ ವರುದು’ ಅಂದರೆ ಮೆಕಾನಿಕ್ ಅಣ್ಣ ಏನು ಮಾಡ್ಯಾನು? ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಸದ್ದು ಬರದೆ, ಕೀಲು ಬಿಗಿದು ಕಳಿಸುತ್ತಾನೆ. ಹಾಗಾಗಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಏತ್ತತ್ತುಲ’, ಅಂದರೆ ಏರಿನಲ್ಲಿ ಬರುತ್ತಾ, ‘ಇರಕ್ಕತ್ತುಲ’ ಇಳಿಜಾರಲ್ಲಾ. ‘ಮಿದಿಕ್ಕುಂಬೋದು’ ತುಳಿಯುವಾಗಲಾ, ಸುಮ್ಮನೆ ಉರುಳುವಾಗಲೂ ಬರುತ್ತಾ. ಕೂತಾಗಲಾ, ನಿಂತಾಗಲಾ. ಸುತ್ತಿಗೆಷ್ಟು ಸಲ. ಸಾಧ್ಯವಾದರೆ ಮೊಬೈಲಿನಲ್ಲಿ ಸದ್ದು ಹಿಡಿದು ಕೇಳಿಸಿ. ಬದಲಾಯಿಸಿದ ಹಳೇ ಬೇರಿಂಗನ್ನು ವಾಪಸು ಕೇಳಿ ಪಡೆದು, ಬೆರಳಲ್ಲಿ ತಿರುಗಿಸಿ ನೋಡಿ. ನುಣ್ಣಗೆ ತಿರುಗಿದರೆ ಅದನ್ನೇ ಅಣ್ಣನಿಗೂ ತಿರುಗಿಸಿ ತೋರಿಸಿ.

ಆಡಿ ಗಾಳಿಯ ಧೂಳು ಮುಗಿದು ಐಪ್ಪಸಿ ಮಳೆ ಶುರುವಾಗುವ ಮೊದಲು, ಅಂದರೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಒಮ್ಮೆ ಶಾಕ್ ಬಿಚ್ಚಿ ಕೀಲು ಆಡಿಸಿ ನೋಡಿಕೊಂಡರೆ ದೀಪಾವಳಿ ರಜೆಗೆ ಸೈಕಲ್ ತಯಾರು. ವಾಲ್ಪಾರೈ ಕಡೆ ಹೊರಟವರು ರಸ್ತೆ ಬಿಟ್ಟು ಕಾಡಿನ ಜಾಡಿಗೆ ಇಳಿಯಬಾರದು, ಅದು ಆನೈಮಲೈ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಪ್ರವೇಶವಿಲ್ಲ.